ಊಟದ ಹೊತ್ತಿನ ಇನ್ಸುಲಿನ್: ನೂರು ವರ್ಷಗಳ ಹಾದಿ



ಸೇಡಂ ತಾಲ್ಲೂಕಿನ ಮಳಖೇಡವನ್ನು ತಾವು ಬಲ್ಲಿರಿ. ಕಾಗಿಣಾ ನದಿಯ ದಂಡೆಯ ಈ ಊರು ಒಂದು ಕಾಲಕ್ಕೆ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಉಗ್ರಾದಿತ್ಯನೆಂಬ ಜೈನ ವೈದ್ಯಾಚಾರ್ಯನು ಮಾಂಸಾಹಾರವು ಹಿತವಲ್ಲವೆಂದು ವಾದ ಮಂಡಿಸಿದ ಸಂಗತಿಯು ಅವನ ‘ಕಲ್ಯಾಣಕಾರಕ’ ಎಂಬ ವೈದ್ಯಗ್ರಂಥದಲ್ಲಿ ಬರುತ್ತದೆ. ಊಟವೂ ಔಷಧವೂ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬ ಅರಿವು ಈ ನೆಲಕ್ಕೆ ಹೊಸದಲ್ಲ. ಇಂದು ಅದೇ ನೆಲದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಮಧುಮೇಹವುಳ್ಳ ಕೆಲವರ ಮನೆಯಲ್ಲಿ ರೊಟ್ಟಿಯ ಬುಟ್ಟಿಯ ಪಕ್ಕದಲ್ಲೇ ಲೇಖನಿಯಂಥ ಒಂದು ಸಾಧನ ಇರುತ್ತದೆ. ಅದು ಇನ್ಸುಲಿನ್ ಪೆನ್. ಅದು ಊಟದ ಬದಿಗೆ ಬಂದು ನಿಲ್ಲಲು ನೂರು ವರ್ಷಗಳ ದಾರಿ ಸವೆಸಿದೆ.

ನೂರು ವರ್ಷಗಳ ಹಿಂದೆ ಮಧುಮೇಹ ತಗುಲಿದ ಮಗುವಿಗೆ ಊಟವೇ ಶತ್ರುವಾಗಿತ್ತು. ಅಮೆರಿಕದ ವೈದ್ಯ ಫ್ರೆಡೆರಿಕ್ ಆಲೆನ್ ಅವರ ಪದ್ಧತಿಯಂತೆ ಅನ್ನವನ್ನು ಆದಷ್ಟು ಕಡಿಮೆ ಮಾಡಿ, ಹಸಿವಿನಲ್ಲಿಟ್ಟು, ಆಯುಷ್ಯವನ್ನು ಕೆಲವು ತಿಂಗಳು ಹಿಗ್ಗಿಸುವುದೇ ಆಗಿನ ಚಿಕಿತ್ಸೆ. 1921ರ ಬೇಸಿಗೆಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಮ್ಯಾಕ್ಲಿಯಾಡ್ ಅವರ ಪ್ರಯೋಗಾಲಯದಲ್ಲಿ ಫ್ರೆಡೆರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಅವರು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಒಂದು ಸಾರವನ್ನು ತೆಗೆದರು. 1922ರ ಜನವರಿ 11ರಂದು ಲೆನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕನಿಗೆ ಅದನ್ನು ಚುಚ್ಚಲಾಯಿತು. ಹೆಚ್ಚಿನ ಗುಣ ಕಾಣಲಿಲ್ಲ. ಜೇಮ್ಸ್ ಕಾಲಿಪ್ ಅದನ್ನು ಶುದ್ಧಗೊಳಿಸಿದ ಮೇಲೆ, ಜನವರಿ 23ರಂದು ಮತ್ತೆ ಕೊಟ್ಟಾಗ ಬಾಲಕನ ರಕ್ತದ ಸಕ್ಕರೆ ಇಳಿಯಿತು. ಅವನು ಮತ್ತೆ 13 ವರ್ಷ ಬದುಕಿದನು. ಈ ಔಷಧದ ಹಕ್ಕನ್ನು ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಅನ್ನವು ಮಕ್ಕಳ ತಟ್ಟೆಗೆ ಮರಳಿ ಬಂದಿತು.

ಆದರೆ ಅದು ಗಡಿಯಾರಕ್ಕೆ ಕಟ್ಟಿಹಾಕಿದ ಅನ್ನ. ಆರೋಗ್ಯವಂತನ ದೇಹದಲ್ಲಿ ತುತ್ತು ಹೊಟ್ಟೆ ಸೇರುತ್ತಿದ್ದಂತೆಯೇ ಇನ್ಸುಲಿನ್ ಸ್ರವಿಸುತ್ತದೆ. ಚುಚ್ಚಿಕೊಂಡ ಸಾಮಾನ್ಯ ಇನ್ಸುಲಿನ್ ಹಾಗಲ್ಲ. ಅದು ಕೆಲಸ ಆರಂಭಿಸಲು ಸುಮಾರು ಅರ್ಧ ಗಂಟೆ ಬೇಕು. ಆದುದರಿಂದ ಊಟಕ್ಕೆ ಅರ್ಧ ಗಂಟೆ ಮೊದಲೇ ಚುಚ್ಚಿಕೊಂಡು ಕಾಯಬೇಕು. ವಾಡಿಯ ಸಿಮೆಂಟ್ ಕಾರ್ಖಾನೆಯ ಪಾಳಿಯಲ್ಲಿರುವವರಿಗೆ, ಶಹಾಬಾದಿನ ಕಲ್ಲಿನ ಗಣಿಯಲ್ಲಿ ದುಡಿಯುವವರಿಗೆ, ಚಿಂಚೋಳಿಯ ತೊಗರಿ ಹೊಲದಲ್ಲಿ ಬುತ್ತಿ ಬಿಚ್ಚುವವರಿಗೆ ಊಟದ ಗಳಿಗೆಯನ್ನು ಅರ್ಧ ಗಂಟೆ ಮೊದಲೇ ಗೊತ್ತುಮಾಡಿಕೊಳ್ಳುವುದು ಸಾಧ್ಯವೇ? ತಾವೇ ಯೋಚಿಸಿರಿ.

ಈ ವಿಳಂಬಕ್ಕೆ ಕಾರಣ ತಿಳಿಯಲು ಇನ್ಸುಲಿನ್ನಿನ ಒಳರಚನೆಯೇ ತಿಳಿಯಬೇಕಾಗಿತ್ತು. ಅದು ಯಾವ ಯಾವ ಅಮೈನೋ ಆಮ್ಲಗಳ ಸರಪಣಿ ಎಂಬುದನ್ನು ಫ್ರೆಡೆರಿಕ್ ಸ್ಯಾಂಗರ್ ಬಿಡಿಸಿ, 1958ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. 1969ರಲ್ಲಿ ಡೊರೊಥಿ ಹಾಡ್ಜ್‌ಕಿನ್ ಅವರ ತಂಡವು ಆಕ್ಸ್‌ಫರ್ಡಿನಲ್ಲಿ ಅದರ ಪೂರ್ಣ ಆಕಾರವನ್ನು ಕಂಡಿತು. ಆ ತಂಡದಲ್ಲಿದ್ದ ಎಂ. ವಿಜಯನ್ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದರೆಂಬುದು ನಮಗೆ ಅಭಿಮಾನದ ಸಂಗತಿ. ಸೀಸೆಯಲ್ಲಿರುವ ಇನ್ಸುಲಿನ್ನಿನ ಅಣುಗಳು ಆರಾರು ಕೂಡಿ ಗಂಟು ಕಟ್ಟಿಕೊಂಡಿರುತ್ತವೆ. ಆ ಗಂಟು ಬಿಚ್ಚಿ ಒಂಟಿಯಾದ ಮೇಲಷ್ಟೇ ಅವು ರಕ್ತವನ್ನು ಸೇರುತ್ತವೆ. ಅರ್ಧ ಗಂಟೆಯ ಕಾಯುವಿಕೆಯ ಗುಟ್ಟು ಇದೇ.

1982ರಲ್ಲಿ, ಸೂಕ್ಷ್ಮಾಣು ಜೀವಿಗಳಿಂದ ತಯಾರಿಸಿದ ಮಾನವ ಇನ್ಸುಲಿನ್ನಿಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. 1985ರಲ್ಲಿ ಡೆನ್ಮಾರ್ಕಿನ ನೋವೋ ಕಂಪನಿಯು ಮೊದಲ ಇನ್ಸುಲಿನ್ ಪೆನ್ನನ್ನು ಹೊರತಂದಿತು. 1996ರಲ್ಲಿ ಬಂದ ಲಿಸ್‌ಪ್ರೊ ಇನ್ಸುಲಿನ್ನಿನಲ್ಲಿ ಸರಪಣಿಯ ಕೊನೆಯ ಸಮೀಪದ ಎರಡು ಕೊಂಡಿಗಳ ಸ್ಥಾನವನ್ನು ಅದಲುಬದಲು ಮಾಡಿ ಗಂಟನ್ನು ಸಡಿಲಗೊಳಿಸಲಾಗಿತ್ತು. ತರುವಾಯ ಆಸ್ಪಾರ್ಟ್, ಗ್ಲುಲಿಸಿನ್ ಬಂದವು. ಇವು ಸುಮಾರು 15 ನಿಮಿಷದಲ್ಲಿ ಕೆಲಸ ಆರಂಭಿಸಿ ಮೂರರಿಂದ ಐದು ಗಂಟೆಯೊಳಗೆ ಮುಗಿಸುತ್ತವೆ. ತಟ್ಟೆ ಮುಂದೆ ಬಂದಾಗ ಚುಚ್ಚಿಕೊಂಡು ಊಟಕ್ಕೆ ಕುಳಿತುಕೊಳ್ಳಬಹುದು. ನಮ್ಮ ನಾಡೂ ಹಿಂದುಳಿಯಲಿಲ್ಲ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2004ರಲ್ಲಿ ತನ್ನ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಅದರ ಅಂಗಸಂಸ್ಥೆಯ ಆಸ್ಪಾರ್ಟ್ ಇನ್ಸುಲಿನ್ನಿಗೆ 2025ರ ಜುಲೈನಲ್ಲಿ ಅಮೆರಿಕದಲ್ಲಿಯೂ ಅನುಮತಿ ದೊರೆಯಿತು.

ಗಡಿಯಾರದ ಕಟ್ಟು ಹೀಗೆ ಸಡಿಲವಾಯಿತು. ಆದರೆ ಬಿಡುಗಡೆಯೊಂದಿಗೆ ಹೊಣೆಯೂ ಬಂದಿತು. ಬೇಗ ಕೆಲಸ ಮಾಡುವ ಔಷಧ ಬೇಗ ಅಪಾಯವನ್ನೂ ತರಬಲ್ಲದು. ಚುಚ್ಚಿಕೊಂಡು ಊಟ ಮಾಡದಿದ್ದರೆ, ಯಾರೋ ಕರೆದರೆಂದು ಎದ್ದುಹೋದರೆ, ರಕ್ತದ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ, ವಿಪರೀತ ಹಸಿವು, ಮಾತಿನಲ್ಲಿ ತೊಡರು ಅದರ ಲಕ್ಷಣಗಳು. ಸಕ್ಕರೆಯ ಅಂಶ 70ಕ್ಕಿಂತ ಕೆಳಗಿಳಿದರೆ ಕೂಡಲೇ ಮೂರು ಚಹಾ ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇದನ್ನು ಮನೆಯ ಮಕ್ಕಳೂ ಅರಿತಿರಲಿ.

ಉಪವಾಸದ ದಿನಗಳಲ್ಲಿ ಈ ಎಚ್ಚರ ಇನ್ನೂ ಅಗತ್ಯ. ರೋಗಿಗಳಿಗೆ ಉಪವಾಸದ ಕಟ್ಟುಪಾಡಿಲ್ಲ. ಊಟ ಬಿಟ್ಟ ಹೊತ್ತಿನಲ್ಲಿ ಊಟದ ಇನ್ಸುಲಿನ್ ಬೇಡ. ಆದರೆ ದಿನವಿಡೀ ಕೆಲಸ ಮಾಡುವ ಇನ್ನೊಂದು ಇನ್ಸುಲಿನ್ನನ್ನು ವೈದ್ಯರನ್ನು ಕೇಳದೆ ನಿಲ್ಲಿಸಲೂಬಾರದು. ಜೋಳದ ರೊಟ್ಟಿ ಎಷ್ಟು ತಿಂದರೂ ಸಕ್ಕರೆ ಏರದೆಂಬ ಮಾತು ನಮ್ಮ ಭಾಗದಲ್ಲಿ ಕೇಳಿಬರುತ್ತದೆ. ಜೋಳವೂ ಒಡಲೊಳಗೆ ಸಕ್ಕರೆಯೇ ಆಗುತ್ತದೆ. ರೊಟ್ಟಿಯ ಲೆಕ್ಕ ತಪ್ಪಿದರೆ ಔಷಧದ ಲೆಕ್ಕವೂ ತಪ್ಪುತ್ತದೆ.

ನಮ್ಮ ದೇಶದಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಸೀಸೆಯ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್. ಪೆನ್ನಿನದು 100 ಯೂನಿಟ್. ಪೆನ್ನಿನ ಔಷಧವನ್ನು 40ರ ಸಿರಿಂಜಿನಲ್ಲಿ ಎಳೆದುಕೊಂಡರೆ ಎರಡೂವರೆ ಪಟ್ಟು ಹೆಚ್ಚು ಔಷಧ ದೇಹ ಸೇರಿ ಪ್ರಾಣಕ್ಕೆ ಕುತ್ತಾದೀತು. ಸೂಜಿ ಬದಲಿಸಿದರೂ ಒಬ್ಬರ ಪೆನ್ನನ್ನು ಇನ್ನೊಬ್ಬರು, ಗಂಡ ಹೆಂಡತಿಯಾದರೂ, ಬಳಸಬಾರದು.

ಇನ್ನು ನಮ್ಮ ಬಿಸಿಲು. ಬಳಕೆಯಲ್ಲಿರುವ ಪೆನ್ನು ಸಾಮಾನ್ಯವಾಗಿ 30 ಡಿಗ್ರಿಯೊಳಗೆ 28 ದಿನ ಉಳಿಯುತ್ತದೆ. ಕಲಬುರಗಿ ಜಿಲ್ಲೆಯ ಮೇ ತಿಂಗಳು 40 ಡಿಗ್ರಿ ದಾಟುತ್ತದೆ. ತೆರೆಯದ ಪೆನ್ನುಗಳಿಗೆ ಫ್ರಿಜ್ಜಿನ 2ರಿಂದ 8 ಡಿಗ್ರಿ ಬೇಕು. ಮಂಜುಗಟ್ಟಿದ ಇನ್ಸುಲಿನ್ ಎಸೆಯಲಷ್ಟೇ ಯೋಗ್ಯ. ಫ್ರಿಜ್ಜಿಲ್ಲದ ಮನೆಯಲ್ಲಿ ದೊಡ್ಡ ಗಡಿಗೆಯೊಳಗೆ ಒದ್ದೆ ಮರಳು ಹಾಕಿ, ಅದರೊಳಗೆ ಚಿಕ್ಕ ಗಡಿಗೆ ಇಟ್ಟು, ಔಷಧವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನೆರಳಿನಲ್ಲಿಟ್ಟರೆ ಬೇಗೆ ತಗ್ಗುತ್ತದೆ. ಕುಂಬಾರನ ಗಡಿಗೆ ಹೊಸ ವಿಜ್ಞಾನಕ್ಕೂ ಆಸರೆಯಾಗಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಮಂದಿಗೆ ಮಧುಮೇಹವಿದೆ. ಅವರೆಲ್ಲರಿಗೂ ಇನ್ಸುಲಿನ್ ಬೇಕಿಲ್ಲ. ಬೇಕಾದವರಲ್ಲಿಯೂ, ಪೆನ್ನಿನ ಬೆಲೆ ಎಟುಕದವರಿಗೆ ಕಡಿಮೆ ಬೆಲೆಯ ಸೀಸೆಯ ಇನ್ಸುಲಿನ್ ಈಗಲೂ ಜೀವ ಕಾಯುತ್ತದೆ. ಯಾವುದು ತಕ್ಕುದೆಂಬುದನ್ನು ವೈದ್ಯರೊಡನೆ ಕೂಡಿ ನಿರ್ಧರಿಸಬೇಕು. ಆದರೆ ‘ಇನ್ಸುಲಿನ್ ಹಿಡಿದರೆಂದರೆ ಮುಗಿಯಿತು’ ಎಂಬ ಮಾತನ್ನು ನಾವು ಬಿಡಬೇಕು. ಆ ಮಾತಿಗೆ ಅಂಜಿ ಔಷಧವನ್ನು ಮುಚ್ಚಿಡುವವರಿದ್ದಾರೆ. ಮದುವೆಯ ಪಂಕ್ತಿಯಲ್ಲಿ ನಾಚಿ, ಚುಚ್ಚಿಕೊಳ್ಳದೆ ಉಂಡು ಏಳುವವರಿದ್ದಾರೆ. 1922ರಲ್ಲಿ ಇನ್ಸುಲಿನ್ ಒಬ್ಬ ಬಾಲಕನಿಗೆ ಬದುಕಿನ ಆರಂಭವಾಗಿತ್ತು, ಅಂತ್ಯವಲ್ಲ.

ಆದುದರಿಂದ ಓದುಗರೇ, ತಮ್ಮ ಪಂಕ್ತಿಯಲ್ಲಿ ಯಾರಾದರೂ ಪೆನ್ನು ತೆಗೆದರೆ ದಿಟ್ಟಿಸಿ ನೋಡಬೇಡಿರಿ. ಅವರ ತಟ್ಟೆಗೆ ತಡಮಾಡದೆ ಬಡಿಸಿರಿ.