ಆಲೂಗಡ್ಡೆಯ ನಂಜುರೋಗಗಳ ಪ್ರಸಾರ: ಎಲೆಯ ಮೇಲಿನ ಹೇನೆಣಿಕೆಯ ಪ್ರಾಮಾಣ್ಯ

ಆಲೂಗಡ್ಡೆಯ ಬಿತ್ತನೆ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತ ಬರುವುದನ್ನು ಯೂರೋಪಿನ ಬೇಸಾಯಗಾರರು ಹದಿನೆಂಟನೆಯ ಶತಮಾನದಲ್ಲಿಯೇ ಕಂಡಿದ್ದರು; ಬೀಜದಿಂದಲ್ಲದೆ ಗಡ್ಡೆಯಿಂದಲೇ ವಂಶವನ್ನು ಮುಂದುವರಿಸುವ ಸಸ್ಯಕ್ಕೆ ವಾರ್ಧಕ್ಯ ಬರುವುದು ಸಹಜವೆಂದು ಅದಕ್ಕೆ ಕಾರಣವನ್ನೂ ಕಲ್ಪಿಸಿಕೊಂಡಿದ್ದರು. ಈ ಕ್ಷೀಣತೆಗೆ ಕಾರಣಗಳಲ್ಲೊಂದಾದ ಎಲೆಸುರುಳಿ ರೋಗವು ಕಸಿಯ ಮೂಲಕ ಸಂಕ್ರಮಿಸುವುದೆಂದು ಹಾಲೆಂಡಿನ ಕ್ವಾನ್ಯರ್ 1916ರಲ್ಲಿಯೂ, ಅದರ ವಾಹಕ ಸಸ್ಯಹೇನೆಂದು ಅದೇ ದೇಶದ ಬಾಟ್ಯೆಸ್ 1920ರಲ್ಲಿಯೂ ತೋರಿಸಿದ ಮೇಲೆ ಆ ಕಲ್ಪನೆಗೆ ಆಧಾರ ಉಳಿಯಲಿಲ್ಲ. ಕೇಂಬ್ರಿಜ್ಜಿನ ಕೆನೆತ್ ಸ್ಮಿತ್ 1931ರಲ್ಲಿ ಎಕ್ಸ್ ಮತ್ತು ವೈ ಎಂಬ ನಂಜಾಣುಗಳನ್ನು ಬೇರ್ಪಡಿಸಿದರು. ಎಕ್ಸ್ ನಂಜಾಣು ಎಲೆಗೆ ಎಲೆ ಉಜ್ಜುವುದರಿಂದ ಹರಡುತ್ತದೆ, ವೈ ನಂಜಾಣು ಹೇನಿನಿಂದ. ಇಷ್ಟರಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ.

ವಿವಾದವಿರುವುದು ಹೊಲದಲ್ಲಿ ರೋಗ ಹರಡುವ ವೇಗವನ್ನು ಯಾವುದರಿಂದ ಅಳೆಯಬೇಕೆಂಬ ವಿಷಯದಲ್ಲಿ. 1930ರ ದಶಕದಲ್ಲಿ ಉತ್ತರ ವೇಲ್ಸಿನಲ್ಲಿ ಕೆಲಸಮಾಡಿದ ಡೇವೀಸ್, ನೂರು ಎಲೆಗಳ ಮೇಲಿನ ಹೇನುಗಳನ್ನೆಣಿಸಿ ಒಂದು ಪ್ರದೇಶ ಬಿತ್ತನೆ ಬೆಳೆಗೆ ಯೋಗ್ಯವೋ ಅಲ್ಲವೋ ಎಂದು ನಿರ್ಣಯಿಸುವ ಮಾರ್ಗವನ್ನು ಹಿಡಿದರು. ಹೀಗೆ ಎಲೆಯ ಮೇಲೆ ಸಿಕ್ಕುವವು ಬಹುಮಟ್ಟಿಗೆ ರೆಕ್ಕೆಯಿಲ್ಲದವು. ಡಂಕಾಸ್ಟರ್ ಮತ್ತು ಗ್ರೆಗರಿ 1948ರಲ್ಲಿಯೂ ಬ್ರಾಡ್‌ಬೆಂಟ್ 1950ರಲ್ಲಿಯೂ ಇಂಗ್ಲೆಂಡಿನ ಹೊಲಗಳನ್ನು ಪರೀಕ್ಷಿಸಿ ಪ್ರಕಟಿಸಿದ ಫಲಿತಾಂಶಗಳು ಇದಕ್ಕೆ ಪ್ರತಿಕೂಲವಾದವು: ರೋಗದ ಪ್ರಸಾರವು ಎಲೆಯ ಮೇಲೆ ನೆಲಸಿದ ಸಂತಾನಕ್ಕಿಂತ, ಗಿಡದಿಂದ ಗಿಡಕ್ಕೆ ಹಾರಾಡುವ ರೆಕ್ಕೆಯ ಹೇನುಗಳೊಡನೆ ಹೆಚ್ಚು ನಿಕಟವಾದ ಸಂಬಂಧವುಳ್ಳದ್ದು.

ಹೀಗಿದ್ದೂ ಎಲೆಯೆಣಿಕೆ ನಮ್ಮ ದೇಶದಲ್ಲಿ ಸ್ಥಿರವಾಗಿ ನಿಂತಿತು. ಆಲೂಗಡ್ಡೆ ವಿಜ್ಞಾನಿ ಪುಷ್ಕರನಾಥರು ರೂಪಿಸಿದ ಬಿತ್ತನೆ ತಾಕಿನ ಪದ್ಧತಿಯು ಉತ್ತರದ ಬಯಲುಸೀಮೆಯಲ್ಲಿ ಹೇನು ವಿರಳವಾಗಿರುವ ಶರತ್ಕಾಲದಿಂದ ಡಿಸೆಂಬರಿನವರೆಗಿನ ಅವಧಿಯಲ್ಲಿ ಬೆಳೆ ತೆಗೆದು, ನೂರು ಸಂಯುಕ್ತ ಎಲೆಗಳಿಗೆ 20 ಹೇನುಗಳಾಗುವ ಮುನ್ನವೇ ಗಿಡದ ಕಾಂಡವನ್ನು ಕತ್ತರಿಸಬೇಕೆಂದು ವಿಧಿಸಿತು. ಬೆಟ್ಟದ ಬಿತ್ತನೆಗೆ ಕೈಯೊಡ್ಡಿದ್ದ ಬಯಲಿನ ರೈತನನ್ನು ಸ್ವಾವಲಂಬಿಯನ್ನಾಗಿಸಿದ ಈ ಪದ್ಧತಿಯ ಹಿರಿಮೆಯನ್ನು ನಾನು ಪ್ರಶ್ನಿಸುತ್ತಿಲ್ಲ; ಪ್ರಶ್ನಿಸುತ್ತಿರುವುದು ಆ 20ರ ಸಂಖ್ಯೆಯನ್ನು ಎಲ್ಲ ನಂಜಾಣುಗಳಿಗೂ ಸಮಾನವಾದ ಮಾನದಂಡವೆಂದು ಗ್ರಹಿಸುವುದನ್ನು.

ಎಲೆಸುರುಳಿಯ ನಂಜಾಣು ಹೇನಿನ ದೇಹವನ್ನು ಸೇರಬೇಕಾದರೆ ಆ ಹೇನು ರೋಗಗ್ರಸ್ತ ಗಿಡದ ಆಹಾರನಾಳದಿಂದ ಬಹುಹೊತ್ತು ರಸ ಹೀರಬೇಕು. ಹೀರಿದ ಮೇಲೂ ನಂಜಾಣು ಕರುಳನ್ನು ದಾಟಿ ಲಾಲಾಗ್ರಂಥಿಯನ್ನು ಮುಟ್ಟುವವರೆಗೆ ಕಾಲ ಸಲ್ಲಬೇಕು. ಅನಂತರ ಮಾತ್ರ ಆ ಹೇನು ಜೀವಾವಧಿ ವಾಹಕವಾಗಿರುತ್ತದೆ. ಆಲೂಗಡ್ಡೆಯ ಮೇಲೆಯೇ ಬೀಡುಬಿಟ್ಟು ಬೆಳೆಯುವ ಹಸುರು ಪೀಚ್ ಹೇನಿನಂಥ ಜಾತಿಗಳಿಗೆ ಮಾತ್ರ ಇಷ್ಟು ವ್ಯವಧಾನವುಂಟಾದ್ದರಿಂದ ಎಲೆಯ ಮೇಲಿನ ಎಣಿಕೆ ಇಲ್ಲಿ ಸಾರ್ಥಕವಾಗುತ್ತದೆ. ವೈ ನಂಜಾಣುವಿನ ನಡವಳಿಕೆಯಾದರೋ ಇದಕ್ಕೆ ತೀರ ವಿಪರೀತ. ರುಚಿ ನೋಡಲೆಂದು ಚುಚ್ಚಿದ ಕೆಲವೇ ಸೆಕೆಂಡುಗಳಲ್ಲಿ ಅದು ಹೇನಿನ ಸೂಜಿಬಾಯಿಗೆ ಅಂಟಿಕೊಳ್ಳುತ್ತದೆ, ಮುಂದಿನ ಗಿಡಕ್ಕೆ ಒಡನೆಯೇ ದಾಟುತ್ತದೆ, ನಾಲ್ಕಾರು ಚುಚ್ಚುಗಳಲ್ಲಿ ಕಳೆದುಹೋಗುತ್ತದೆ. ಆಲೂಗಡ್ಡೆ ತನ್ನ ಆಹಾರವಲ್ಲವೆಂದು ಅರಿತೊಡನೆ ಹಾರಿಹೋಗುವ ಪರಜಾತಿಯ ಹೇನು ಎಲೆಯೆಣಿಕೆಯಲ್ಲಿ ಸಿಕ್ಕುವುದೇ ಇಲ್ಲ. ಆದರೂ ರೋಗವನ್ನು ಬಿತ್ತಿಯೇ ಹೋಗಿರುತ್ತದೆ. ಸ್ವೀಡನ್ನಿನ ಸಿಗ್ವಾಲ್ಡ್ 1984ರಲ್ಲಿ ಈ ಜಾತಿಗಳ ಸಾಮರ್ಥ್ಯವನ್ನು ತೂಗಿನೋಡಿದುದು ಇಲ್ಲಿ ಸ್ಮರಣೀಯ: ಧಾನ್ಯದ ಪೈರಿನಿಂದ ಹಾರಿಬರುವ ಹೇನು ಬಿಡಿಯಾಗಿ ದುರ್ಬಲ ವಾಹಕವಾದರೂ ಅದರ ಅಪಾರ ಸಂಖ್ಯೆಯಿಂದ ಗಣನೀಯವಾಗುತ್ತದೆ.

ಆದುದರಿಂದ, ನೂರು ಎಲೆಗೆ 20 ಎಂಬ ಮಿತಿಯು ಎಲೆಸುರುಳಿಗೆ ಕಾವಲಾಗಬಹುದಾದರೂ, ಎಣಿಕೆ ಆ ಮಿತಿಯನ್ನು ಮುಟ್ಟುವ ಮೊದಲೇ ವೈ ನಂಜಾಣು ಹೊಲವನ್ನು ಹೊಕ್ಕಿರಬಹುದೆಂಬುದು ನನ್ನ ಪಕ್ಷ. ಈ ಮಾತನ್ನು ಅದರ ಮೇರೆಯೊಳಗೇ ಇಟ್ಟು ಓದಬೇಕು. ಸುತ್ತಮುತ್ತ ನಂಜಿನ ಮೂಲವಿಲ್ಲದ ಕಡೆ ಎಷ್ಟು ರೆಕ್ಕೆಯ ಹೇನು ಹಾರಿದರೂ ಬಾಧೆಯಿಲ್ಲ; ಬಲಿತ ಗಿಡಕ್ಕೆ ತಗುಲಿದ ನಂಜು ಗಡ್ಡೆಯನ್ನು ತಲಪುವುದು ಕಡಮೆ; ರೋಗದ ಗಿಡಗಳನ್ನು ಎಳೆಯದರಲ್ಲಿಯೇ ಕಿತ್ತುಹಾಕುವ ಶ್ರದ್ಧೆಯು ಎಣಿಕೆಯ ದೋಷವನ್ನು ಬಹುಪಾಲು ಮುಚ್ಚಬಲ್ಲುದು. ಬಿಳಿನೊಣದಿಂದ ಹರಡುವ ತುದಿಯೆಲೆ ಮುದುಡು ರೋಗ ಶತಮಾನ ಹೊರಳುವ ಹೊತ್ತಿಗೆ ಉತ್ತರದಲ್ಲಿ ಕಾಣಿಸಿಕೊಂಡಿತು; ಹೇನೆಣಿಕೆಗೆ ಅದರ ವಿಷಯದಲ್ಲಿ ಅಧಿಕಾರವೇ ಇಲ್ಲ.

ಈ ಚರ್ಚೆ ನಮ್ಮ ನಾಡಿಗೆ ದೂರದ್ದಲ್ಲ. ಹಾಸನದ ರೈತರು ಮುಂಗಾರಿಗೆ ಮುನ್ನ ಕೊಳ್ಳುವ ಬಿತ್ತನೆ ಬಹುವಾಗಿ ಪಂಜಾಬಿನ ಜಲಂಧರದ ಕಡೆಯದು. ಅಲ್ಲಿ ಚಳಿಗಾಲದಲ್ಲಿ ತಗುಲಿದ ನಂಜು ಆ ಬೆಳೆಯಲ್ಲಿ ಎದ್ದುಕಾಣದೆ, ಗಡ್ಡೆಯ ಹೊರಮೈಯಲ್ಲಿಯೂ ಸಾಮಾನ್ಯವಾಗಿ ಗುರುತುಳಿಸದೆ, ಇಲ್ಲಿಯ ಹೊಲದಲ್ಲಿ ಮೊಳೆತ ಗಿಡ ಕುಬ್ಜವಾದಾಗಲೇ ಪ್ರಕಟವಾಗುತ್ತದೆ. ಸಾಲ ಮಾಡಿ ಬಿತ್ತನೆ ತಂದವನಿಗೆ ಆಗ ಮಾಡಲು ಉಳಿದಿರುವುದು ಅತ್ಯಲ್ಪ. ಈ ಕಾರಣದಿಂದ ಬಿತ್ತನೆ ಹೊಲಗಳಲ್ಲಿ ಎಲೆಯೆಣಿಕೆಯೊಡನೆ ಹಳದಿ ನೀರ್ತಟ್ಟೆಯಲ್ಲಿ ಬಿದ್ದ ರೆಕ್ಕೆಯ ಹೇನುಗಳ ಜಾತಿವಾರು ಎಣಿಕೆಯೂ, ಮಾರಾಟಕ್ಕೆ ಮೊದಲು ಗಡ್ಡೆಯ ನಂಜುಪರೀಕ್ಷೆಯೂ ನಡೆಯಬೇಕೆಂದು ಸೂಚಿಸಬಯಸುತ್ತೇನೆ. ನವೆಂಬರ್ ಡಿಸೆಂಬರುಗಳಲ್ಲಿ ಪಂಜಾಬಿನ ಸಾಸಿವೆ, ಗೋಧಿ ಹೊಲಗಳಿಂದೇಳುವ ಹೇನುಗಳಲ್ಲಿ ಯಾವ ಜಾತಿಗೆ ಎಷ್ಟು ಭಾರ ಕೊಡಬೇಕು, ಮಳೆಯಾಶ್ರಿತವಾದ ಹಾಸನದ ಬೆಳೆಯಿಂದಲೇ ಬಿತ್ತನೆ ಉಳಿಸಿಕೊಳ್ಳುವವರಿಗೆ ಮಿತಿಯೇನು ಎಂಬಿವು ಹಲವು ಹಂಗಾಮುಗಳ ಹೊಲದೆಣಿಕೆಯಿಂದ ಇತ್ಯರ್ಥವಾಗಬೇಕಾದ ಪ್ರಶ್ನೆಗಳು.