ಕೀಲೆಣ್ಣೆಯಿಂದ ಗ್ರೀಸ್ ಗನ್ನಿನವರೆಗೆ

ಕಲ್ಪತರು ನಾಡೆಂದು ಹೆಸರಾದ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮೋಟಾರು ವಾಹನಗಳು ಬರುವುದಕ್ಕೆ ಬಹಳ ಮೊದಲೇ ಗಾಲಿಯ ಮರ್ಮ ತಿಳಿದ ಜನರಿದ್ದರು. ತೆಂಗಿನಕಾಯಿ ಹೇರಿದ ಗಾಡಿಗೆ ಎತ್ತು ಹೂಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕಿ, ಕಡಾಣಿಯನ್ನು ಮುಟ್ಟಿ ನೋಡುವುದು ಗಾಡಿ ಹೊಡೆಯುವವರ ಮೊದಲ ಕೆಲಸವಾಗಿತ್ತು. ಕಡಾಣಿ ಬಿದ್ದರೆ ಗಾಲಿ ಕಳಚುತ್ತದೆ, ಗಾಲಿ ಕಳಚಿದರೆ ಗಾಡಿ ಮಗುಚುತ್ತದೆ ಎಂಬುದನ್ನು ಅವರಿಗೆ ಯಾರೂ ಪುಸ್ತಕ ತೆರೆದು ಹೇಳಿಕೊಡಬೇಕಾಗಿರಲಿಲ್ಲ. ಎತ್ತಿನ ಗಾಡಿಯ ಕೀಲು ಕಣ್ಣಿಗೆ ಕಾಣುತ್ತಿತ್ತು. ಕಾರಿನ ಕೀಲುಗಳು ಕಾಣುವುದಿಲ್ಲ. ವ್ಯತ್ಯಾಸ ಇಷ್ಟೇ. "ಚೆನ್ನಾಗಿಯೇ ಇತ್ತು, ಇದ್ದಕ್ಕಿದ್ದಂತೆ ಸ್ಟಿಯರಿಂಗ್ ಕೈಕೊಟ್ಟಿತು" ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಹಳೆಯ ಕಾರುಗಳ ಚರಿತ್ರೆಯನ್ನು ನೋಡಿದರೆ ಈ 'ಇದ್ದಕ್ಕಿದ್ದಂತೆ' ಎಂಬ ಪದ ಬಹುತೇಕ ಸಂದರ್ಭಗಳಲ್ಲಿ ಸರಿಯಲ್ಲವೆಂದು ತಿಳಿಯುತ್ತದೆ.

ಮುಂದಿನ ಗಾಲಿಗಳನ್ನು ತಿರುಗಿಸುವ ವಿದ್ಯೆ ಕಾರಿಗಿಂತ ಹಳೆಯದು. ಹಿಂದಿನ ಸಾರೋಟುಗಳಲ್ಲಿ ಮುಂದಿನ ಅಚ್ಚು ಇಡಿಯಾಗಿ ತಿರುಗುತ್ತಿತ್ತು. ಅಚ್ಚನ್ನು ಸ್ಥಿರವಾಗಿಟ್ಟು, ಎರಡು ಗಾಲಿಗಳನ್ನು ಪ್ರತ್ಯೇಕ ಕೀಲುಗಳ ಮೇಲೆ ತಿರುಗಿಸುವ ಉಪಾಯವನ್ನು ಜರ್ಮನಿಯ ಮ್ಯೂನಿಕ್ ನಗರದ ಸಾರೋಟು ತಯಾರಕ ಲ್ಯಾಂಕೆನ್‌ಸ್ಪರ್ಗರ್ ಕಂಡುಹಿಡಿದನು. ಅವನ ಪರವಾಗಿ ರುಡಾಲ್ಫ್ ಆಕರ್ಮನ್ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದನು. ತಿರುವಿನಲ್ಲಿ ಒಳಗಾಲಿ ಹೆಚ್ಚು, ಹೊರಗಾಲಿ ಕಡಿಮೆ ತಿರುಗಬೇಕೆಂಬ ಆ ತತ್ತ್ವ ಇಂದಿಗೂ ಆಕರ್ಮನ್ ಹೆಸರಿನಲ್ಲಿಯೇ ಉಳಿದಿದೆ. ಇದರಿಂದ ಅನುಕೂಲವಾದಂತೆಯೇ ಕೀಲುಗಳ ಸಂಖ್ಯೆಯೂ ಹೆಚ್ಚಿತು. ಸವೆಯುವ ಜಾಗಗಳೂ ಹೆಚ್ಚಿದವು.

ನಮ್ಮ ಕಾಲದವರಿಗೆ ಕಾರೆಂದರೆ ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಆಧರಿಸಿ, ಹಿಂದುಸ್ಥಾನ್ ಮೋಟಾರ್ಸ್ ಸಂಸ್ಥೆಯು ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ಅದನ್ನು ತಯಾರಿಸಿತು. ಹಿಂದೆ ಲೀಫ್ ಸ್ಪ್ರಿಂಗ್. ಮುಂದೆ ಸ್ಪ್ರಿಂಗಿನ ಬದಲು ತಿರುಚಿಕೊಂಡು ಭಾರ ಹೊರುವ ಟಾರ್ಷನ್ ಬಾರ್ ಎಂಬ ಉಕ್ಕಿನ ಸರಳು. ಈ ಟಾರ್ಷನ್ ಬಾರ್ ಏರ್ಪಾಡು 1948ರ ಮಾರಿಸ್ ಮೈನರ್ ಕಾರಿನಲ್ಲಿ ಅಲೆಕ್ ಇಸಿಗೋನಿಸ್ ಅಳವಡಿಸಿದ ಏರ್ಪಾಡಿನ ಕುಲಕ್ಕೇ ಸೇರಿದ್ದು.

ಆ ಮೈನರ್ ಕಾರಿನ ಒಂದು ದೋಷ ಪ್ರಸಿದ್ಧವಾದುದು. ಗಾಲಿಯನ್ನು ಹಿಡಿದಿರುವ ಪಿನ್ನು ಕೆಳತುದಿಯಲ್ಲಿ ಟ್ರನಿಯನ್ ಎಂಬ ಭಾಗದೊಳಗೆ ಥ್ರೆಡ್ಡಿನ ಮೂಲಕ ಕೂಡಿಕೊಂಡಿರುತ್ತದೆ. ಗಾಲಿ ತಿರುಗಿದಾಗಲೆಲ್ಲ ಈ ಥ್ರೆಡ್ ಉಜ್ಜುತ್ತದೆ. ಗ್ರೀಸ್ ಇದ್ದರೆ ವರ್ಷಗಟ್ಟಲೆ ಬಾಳುತ್ತದೆ. ಇಲ್ಲದಿದ್ದರೆ ಸವೆದು, ಒಂದು ದಿನ ಪಿನ್ನು ಕಳಚಿ, ಗಾಲಿ ಮಡಿಚಿಕೊಂಡು ಕಾರಿನ ಮೂಲೆ ನೆಲಕ್ಕೆ ಕುಸಿಯುತ್ತದೆ. ಅದಕ್ಕಾಗಿಯೇ ಮೈನರ್ ಸಾಕುವವರು ಸುಮಾರು 3000 ಮೈಲಿಗೊಮ್ಮೆ ತಪ್ಪದೆ ಅಲ್ಲಿಗೆ ಗ್ರೀಸ್ ಒತ್ತುತ್ತಾರೆ. ನೋಡುವವರಿಗೆ ಅದು ಕ್ಷಣದ ಅಪಘಾತ. ಕಾರಿಗೆ ಅದು ಹಲವು ವರ್ಷಗಳ ಉಪವಾಸದ ಫಲ.

ನಮ್ಮ ಸೀಮೆಯ ರಸ್ತೆಗಳು ಈ ಉಪವಾಸವನ್ನು ಕ್ಷಮಿಸುವಂಥವಲ್ಲ. ತೋಟದ ದಾರಿಯ ಕೆಂಪು ಧೂಳು ಹರಿದ ರಬ್ಬರ್ ಬೂಟಿನೊಳಗೆ ನುಗ್ಗಿ, ಗ್ರೀಸಿನೊಡನೆ ಬೆರೆತು ಸಾಣೆಯ ಪುಡಿಯಂತೆ ಕೆಲಸ ಮಾಡುತ್ತದೆ. ಚಿಕ್ಕನಾಯಕನಹಳ್ಳಿಯ ಕಡೆ, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನು ತಡೆಯುವವರೆಗೆ, ಅದಿರಿನ ಲಾರಿಗಳು ತೋಡಿದ ಹಳ್ಳಗಳು ಎಷ್ಟು ಕಾರುಗಳ ಬುಷ್ಷುಗಳನ್ನು ತಿಂದುಹಾಕಿದವೋ ಲೆಕ್ಕವಿಲ್ಲ.

ಇನ್ನೊಂದು ಕಾರಣವೂ ಇದೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯಿತು. ಅಲ್ಲಿಂದೀಚೆಗೆ ಬಂದ ಕಾರುಗಳ ಕೀಲುಗಳು ಹೆಚ್ಚಾಗಿ ಮುಚ್ಚಿದ ಬಾಲ್ ಜಾಯಿಂಟುಗಳು. ಅವುಗಳಿಗೆ ಗ್ರೀಸ್ ನಿಪ್ಪಲ್ ಇಲ್ಲ. ಸವೆದರೆ ತೆಗೆದು ಹೊಸದು ಹಾಕುವುದಷ್ಟೇ. ಹೀಗಾಗಿ ಗ್ರೀಸ್ ಗನ್ ಹಿಡಿದು ಒಂದೊಂದೇ ನಿಪ್ಪಲ್ಲನ್ನು ಒರೆಸಿ, ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಒತ್ತುವ ಅಭ್ಯಾಸವೇ ಗ್ಯಾರೇಜುಗಳಿಂದ ಮರೆಯಾಯಿತು. ಕಾರು ಉಳಿಯಿತು, ಉಪಚಾರ ತಿಳಿದ ಕೈ ಉಳಿಯಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ಕೆಲವರು ತಾತನ ಕಾಲದ ಅಂಬಾಸಿಡರನ್ನೋ ಪದ್ಮಿನಿಯನ್ನೋ ಅಭಿಮಾನದಿಂದ ಇಟ್ಟುಕೊಂಡಿದ್ದಾರೆ. ಅವರು ಪರೀಕ್ಷಾಕ್ರಮವನ್ನು ತಿಳಿದಿರುವುದು ಒಳ್ಳೆಯದು. ಅಂಬಾಸಿಡರಿನಲ್ಲಿ ಭಾರ ಬೀಳುವುದು ಕೆಳತೋಳಿನ ಮೇಲೆ. ಆದುದರಿಂದ ಜಾಕನ್ನು ಅದರ ಕೆಳಗೇ ಕೊಡಬೇಕು. ಚಾಸಿಗೆ ಜಾಕ್ ಕೊಟ್ಟರೆ ಟಾರ್ಷನ್ ಬಾರ್ ತೋಳನ್ನು ಕೆಳಕ್ಕೆ ತಳ್ಳಿ ಕೀಲನ್ನು ಬಿಗಿಹಿಡಿಯುತ್ತದೆ, ಸವೆತ ಬಚ್ಚಿಟ್ಟುಕೊಳ್ಳುತ್ತದೆ. ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಭದ್ರವಾದ ಸ್ಟ್ಯಾಂಡ್ ಇಟ್ಟ ಬಳಿಕ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಬೇಕು. ಪ್ಲೇ ಕಂಡರೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಬೇಕು. ಆಗ ಪ್ಲೇ ಮಾಯವಾದರೆ ದೋಷ ಬೇರಿಂಗಿನದು. ಹಾಗೆಯೇ ಉಳಿದರೆ ಪಿನ್, ಟ್ರನಿಯನ್ ಅಥವಾ ಬುಷ್ಷಿನದು. ಎಡಬಲಕ್ಕೆ ಹಿಡಿದು ಅಲುಗಿಸಿದಾಗ ಮಾತ್ರ ಪ್ಲೇ ಕಂಡರೆ ಟೈ ರಾಡ್ ಎಂಡನ್ನೂ ಸ್ಟಿಯರಿಂಗ್ ರ‍್ಯಾಕನ್ನೂ ಸಂಶಯಿಸಬೇಕು. ಸ್ಟಿಯರಿಂಗ್ ತಿರುಗಿದರೂ ಗಾಲಿ ತಡವಾಗಿ ತಿರುಗುವುದು, ಕಾರು ಒಂದು ಮೂಲೆಗೆ ವಾಲಿ ನಿಲ್ಲುವುದು, ಟೈರು ಒಂದೇ ಅಂಚಿನಲ್ಲಿ ಸವೆಯುವುದು, ಇವೆಲ್ಲ ಕಾರು ಬರೆದ ಪತ್ರಗಳೇ.

ಇಂಥ ಪರೀಕ್ಷೆ ನಮ್ಮವರಿಗೆ ಹೊಸದೇನಲ್ಲ. ಅಟ್ಟದ ಮೇಲಿನ ಕಾಯನ್ನು ಅಲ್ಲಾಡಿಸಿ, ಒಳಗಿನ ಸದ್ದಿನಿಂದಲೇ ಗಿಟುಕು ಆಗಿದೆಯೋ ಇಲ್ಲವೋ ಹೇಳಬಲ್ಲ ಜನ ನಾವು. ಒಡೆಯದೆಯೇ ಒಳಗನ್ನು ತಿಳಿಯುವ ಆ ಕಿವಿ ಕಾರಿನ ಕೆಳಗೂ ಬೇಕು. ಕಾಯಿಯ ಸದ್ದು ಲಾಭದ ಸೂಚನೆ. ಕಾರಿನ ಸದ್ದು ಅಪಾಯದ ಸೂಚನೆ.

ಓಡಿಸುವಾಗಲೇ ಹಿಡಿತ ತಪ್ಪಿದಂತೆ ಅನ್ನಿಸಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಬ್ರೇಕನ್ನು ಒಮ್ಮೆಗೇ ತುಳಿಯದೆ, ನಿಧಾನವಾಗಿ ರಸ್ತೆಯ ಅಂಚಿಗೆ ತಂದು ನಿಲ್ಲಿಸಬೇಕು. "ಹೇಗೂ ಮೆಲ್ಲಗೆ ಗ್ಯಾರೇಜಿನವರೆಗೆ ಓಡಿಸಿಬಿಡೋಣ" ಎಂಬ ಯೋಚನೆ ಕೂಡದು. ಸವೆದ ಟ್ರನಿಯನ್ ಮೆಲ್ಲಗೆ ತಿರುಗಿಸುವಾಗಲೇ ಕಳಚುವುದುಂಟು. ಮುಂಭಾಗವನ್ನು ಎತ್ತಿ ಸಾಗಿಸುವ ವಾಹನವನ್ನೇ ಕರೆಸಬೇಕು.

ಹಬ್ಬಕ್ಕೋ ಜಾತ್ರೆಗೋ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಆ ಹಳೆಯ ಕಾರನ್ನು ಹೊರಡಿಸುವ ಮುನ್ನ, ಮೈ ಒರೆಸಿ ಹೊಳಪು ಬರಿಸುವುದರ ಜೊತೆಗೆ ಅದರ ಕೀಲುಗಳನ್ನೂ ಒಮ್ಮೆ ನೋಡಿರಿ. ಗಾಡಿ ಹೊಡೆಯುತ್ತಿದ್ದ ನಮ್ಮ ಹಿರಿಯರು ದಿನವೂ ಮಾಡುತ್ತಿದ್ದ ಕೆಲಸವನ್ನು ನಾವು ಕೆಲವು ತಿಂಗಳಿಗೊಮ್ಮೆ ಮಾಡಿದರೂ ಸಾಕು.