ಒಂದೇ ಕಡೆಗೆ ವಾಲಿದ ಸಂದೇಹ: ಭೂಚಲನೆಯ ವಾದದಲ್ಲಿ ದೈವಶಾಸ್ತ್ರ (1615–1633)

ಗೆಲಿಲಿಯೊ ವಿಚಾರಣೆಯನ್ನು ಓದುವಾಗ ಸಂದೇಹವನ್ನೆಲ್ಲ ವಿಜ್ಞಾನಿಯ ಪಾಲಿಗೂ ನಿಶ್ಚಯವನ್ನೆಲ್ಲ ಚರ್ಚಿನ ಪಾಲಿಗೂ ಹಂಚಿಬಿಡುವುದು ರೂಢಿ. ದಾಖಲೆಗಳು ಈ ಹಂಚಿಕೆಗೆ ಒಗ್ಗುವುದಿಲ್ಲ. ಮನುಷ್ಯಬುದ್ಧಿಗೆ ಅಷ್ಟು ನಿಶ್ಚಯ ಸಲ್ಲದು ಎಂಬ ವಾದ ಹೂಡಿದವರು ದೈವಶಾಸ್ತ್ರಜ್ಞರೇ. ಆ ಸಂದೇಹ ಎಷ್ಟರಮಟ್ಟಿಗೆ ಪ್ರಾಮಾಣಿಕವಾಗಿತ್ತು ಎಂಬುದನ್ನು ಇಲ್ಲಿ ಪರೀಕ್ಷಿಸಿದೆ.

1615ರ ಏಪ್ರಿಲ್ 12ರಂದು ಕಾರ್ಡಿನಲ್ ಬೆಲ್ಲರ್ಮೀನ್ ಕಾರ್ಮೆಲೈಟ್ ಪಾದ್ರಿ ಫೊಸ್ಕರಿನಿಗೆ ಬರೆದ ಪತ್ರ ಇಲ್ಲಿ ಮುಖ್ಯ. ಭೂಮಿ ಚಲಿಸುತ್ತದೆಂದು ಇಟ್ಟುಕೊಂಡು ಗ್ರಹಗತಿಯ ಲೆಕ್ಕ ಹಾಕುವುದಕ್ಕೆ ಬೆಲ್ಲರ್ಮೀನ್‌ನ ಅಡ್ಡಿಯಿರಲಿಲ್ಲ. ನಿಜವಾಗಿ ಚಲಿಸುತ್ತದೆ ಎನ್ನಲು ರುಜುವಾತು ಬೇಕು ಎಂದ. ಅದು ಸಿಕ್ಕರೆ ಭೂಚಲನೆಗೆ ವಿರುದ್ಧವಾಗಿ ಕಾಣುವ ಬೈಬಲಿನ ವಾಕ್ಯಗಳು ನಮಗೆ ಅರ್ಥವಾಗಿಲ್ಲವೆಂದು ಒಪ್ಪಬೇಕಾದೀತು ಎಂದೂ ಬರೆದ. ಈ ಬೇಡಿಕೆ ನ್ಯಾಯವಾದದ್ದೇ. 1610ರಲ್ಲಿ ಕಂಡ ಶುಕ್ರನ ಕಲೆಗಳು ಎಲ್ಲವೂ ಭೂಮಿಯನ್ನೇ ಸುತ್ತುವ ಟಾಲೆಮಿಯ ವ್ಯವಸ್ಥೆಯನ್ನು ಮುರಿದಿದ್ದವು, ಆದರೆ ಭೂಮಿಯನ್ನು ಕದಲಿಸದ ಟೈಕೊ ಬ್ರಾಹೆಯ ವ್ಯವಸ್ಥೆಗೆ ಅವುಗಳಿಂದ ಧಕ್ಕೆಯಾಗಲಿಲ್ಲ. ಭೂಮಿ ಸೂರ್ಯನನ್ನು ಸುತ್ತುವುದಾದರೆ ನಕ್ಷತ್ರಗಳಲ್ಲಿ ಕಾಣಬೇಕಾದ ಸ್ಥಾನಪಲ್ಲಟವೂ ಯಾರಿಗೂ ಕಂಡಿರಲಿಲ್ಲ. ಆದರೆ ಅದೇ ಪತ್ರದಲ್ಲಿ ಬೆಲ್ಲರ್ಮೀನ್ ಇನ್ನೊಂದು ಮಾತು ಸೇರಿಸುತ್ತಾನೆ: ಅಬ್ರಹಾಮನಿಗೆ ಇಬ್ಬರು ಮಕ್ಕಳಿದ್ದರು ಎಂಬುದು ಹೇಗೆ ವಿಶ್ವಾಸದ ವಿಷಯವೋ ಭೂಮಿ ನಿಶ್ಚಲವೆಂಬುದೂ ಹಾಗೆಯೇ, ಏಕೆಂದರೆ ಹೇಳಿದವನು ಪವಿತ್ರಾತ್ಮ. ಇದನ್ನು ಒಪ್ಪಿದ ಮೇಲೆ ರುಜುವಾತಿಗೆ ಎಡೆಯೆಲ್ಲಿ?

ಮರುವರ್ಷದ ಫೆಬ್ರವರಿ 24ರಂದು ಧರ್ಮನ್ಯಾಯಾಲಯದ ಸಲಹೆಗಾರರು, ಸೂರ್ಯ ನಿಶ್ಚಲ ಎಂಬ ಮಾತು ತತ್ತ್ವಶಾಸ್ತ್ರದ ದೃಷ್ಟಿಯಲ್ಲಿ ಅಸಂಬದ್ಧ, ಧರ್ಮದ ದೃಷ್ಟಿಯಲ್ಲಿ ಪಾಷಂಡ ಎಂದು ತೀರ್ಮಾನಿಸಿದರು. ಈ ತೀರ್ಮಾನದಲ್ಲಿ ಸಂದೇಹದ ಎಳೆಯೂ ಇಲ್ಲ.

ಪೋಪ್ ಎಂಟನೆಯ ಅರ್ಬನ್‌ನ ವಾದ ಇನ್ನೂ ಸೂಕ್ಷ್ಮ. ದೇವರು ಸರ್ವಶಕ್ತ, ಸಮುದ್ರದ ಉಬ್ಬರವಿಳಿತವನ್ನು ನಮ್ಮ ಊಹೆಗೆ ನಿಲುಕದ ನಾನಾ ರೀತಿಯಲ್ಲಿ ಉಂಟುಮಾಡಬಲ್ಲ, ಆದ್ದರಿಂದ ಭೂಚಲನೆಯೇ ಅದಕ್ಕೆ ಕಾರಣವೆಂದು ಸಾಧಿಸುವುದು ದೇವರ ಶಕ್ತಿಗೆ ಮಿತಿ ಹಾಕಿದಂತೆ. ಉಬ್ಬರವಿಳಿತದ ಮಟ್ಟಿಗೆ ಅರ್ಬನ್‌ನ ಎಚ್ಚರಿಕೆ ಸರಿಯಾಗಿತ್ತು: ಚಂದ್ರನ ಪ್ರಭಾವವನ್ನು ತಳ್ಳಿಹಾಕಿ ಭೂಚಲನೆಯನ್ನೇ ಕಾರಣವಾಗಿಸಿದ ಗೆಲಿಲಿಯೊನ ವಿವರಣೆ ತಪ್ಪು. ತನ್ನ 1632ರ 'ಸಂವಾದ' ಪುಸ್ತಕದ ಕೊನೆಯಲ್ಲಿ ಗೆಲಿಲಿಯೊ ಅರ್ಬನ್‌ನ ಈ ವಾದವನ್ನು, ಉದ್ದಕ್ಕೂ ಸೋಲುತ್ತ ಬಂದ ಸಿಂಪ್ಲಿಚಿಯೊ ಎಂಬ ಪಾತ್ರದ ಬಾಯಲ್ಲಿ ಇಟ್ಟ. ಅದು ಪೋಪನನ್ನು ಕೆರಳಿಸಿತೆಂದು ಅನೇಕರು ಬರೆದಿದ್ದಾರೆ. ನನಗೆ ಮುಖ್ಯವೆನಿಸುವುದು ವಾದದ ಒಳಗಿನ ತರ್ಕ. ದೇವರ ಸರ್ವಶಕ್ತಿ ಭೂಮಿ ಚಲಿಸುತ್ತದೆಂಬ ನಿಶ್ಚಯವನ್ನು ತಡೆಯುವುದಾದರೆ, ಚಲಿಸುವುದಿಲ್ಲವೆಂಬ ನಿಶ್ಚಯವನ್ನೂ ಅಷ್ಟೇ ತಡೆಯಬೇಕು. ಸಂದೇಹವಾದಿ ಕೇಳಬಹುದಾದದ್ದು ತೀರ್ಪನ್ನು ತಡೆಹಿಡಿಯೆಂದು ಮಾತ್ರ. ಆದರೆ 1633ರ ಜೂನ್ 22ರಂದು ರೋಮ್‌ನಲ್ಲಿ ಎಪ್ಪತ್ತು ಸಮೀಪಿಸಿದ್ದ ಗೆಲಿಲಿಯೊನನ್ನು ಮೊಣಕಾಲೂರಿಸಿ, ಭೂಚಲನೆಯ ಮತವನ್ನು ತ್ಯಜಿಸಿ ಶಪಿಸುವುದಾಗಿ ಹೇಳಿಸಿದರು. ಬೆಲ್ಲರ್ಮೀನ್ ಕೇಳಿದ ರುಜುವಾತಿನ ಪ್ರಶ್ನೆಗೆ ಗೌರವ ಸಲ್ಲಬೇಕು. ಅರ್ಬನ್‌ನ ನಿಲುವನ್ನು ಸಂದೇಹವಾದವೆಂದು ಕರೆಯಲಾಗದು.

ಬೆಲ್ಲರ್ಮೀನ್ ಕೇಳಿದ್ದ ರುಜುವಾತು ತಡವಾಗಿ ಬಂತು: ಖಗೋಳಜ್ಞ ಬ್ರಾಡ್ಲಿ 1728ರಲ್ಲಿ ನಕ್ಷತ್ರಬೆಳಕಿನ ಓರೆಯನ್ನು ಗುರುತಿಸಿದಾಗ ಭೂಚಲನೆಗೆ ಮೊದಲ ನೇರ ಸಾಕ್ಷ್ಯ ಸಿಕ್ಕಿತು. ಬೆಸ್ಸೆಲ್ 1838ರಲ್ಲಿ ರಾಜಹಂಸ ಪುಂಜದ ಒಂದು ನಕ್ಷತ್ರದ ಸ್ಥಾನಪಲ್ಲಟವನ್ನು ಅಳೆದ. ಅದು ಒಂದು ವಿಕಲೆಯ ಸುಮಾರು ಮೂರನೆಯ ಒಂದು ಭಾಗ. ಭೂಚಲನೆಯ ಮತವನ್ನು ಮಂಡಿಸಿದ ಕೊಪರ್ನಿಕಸ್ ಮತ್ತು ಗೆಲಿಲಿಯೊನ ಪುಸ್ತಕಗಳ ಹೆಸರಿಲ್ಲದ ಚರ್ಚಿನ ನಿಷೇಧಪಟ್ಟಿ ಅದಕ್ಕೆ ಮೂರು ವರ್ಷ ಮೊದಲು, 1835ರಲ್ಲಿ ಪ್ರಕಟವಾಗಿತ್ತು.